ಆಫ್ ಮಾಡಬೇಡ

ಮೈದುನನ ಹಳೆಯ ಪಿಕಪ್ ಗಾಡಿ ಮೂರು ದಿನದಿಂದ ಏಳುತ್ತಿಲ್ಲವೆಂಬ ಸುದ್ದಿ ಬಂದಾಗ ಅತ್ತಿಗೆ ಯಾರದೋ ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಸುದ್ದಿ ತಂದವಳು ಓರಗಿತ್ತಿ, ಅವನ ಹೆಂಡತಿ.

"ಅಕ್ಕಾ, ಹೊಸ ಬ್ಯಾಟರಿ ಹಾಕಿದ್ರು. ಸ್ಟಾರ್ಟರ್ ಬದಲಾಯಿಸಿದ್ರು. ಕೀ ತಿರುಗಿಸಿದ್ರೆ ಟಕ್ ಅನ್ನತ್ತೆ, ಅಷ್ಟೇ. ಇವತ್ತು ನಾಲ್ಕು ಗಂಟೆಯೊಳಗೆ ಆರ್‌ಟಿಒ ತಪಾಸಣೆ ಆಗ್ಲಿಲ್ಲ ಅಂದ್ರೆ ಗಾಡಿ ರಸ್ತೆಗೆ ಇಳಿಸೋ ಹಾಗಿಲ್ಲ. ನೀವು ಬರ್ಬೇಕಂತೆ."

"ಅವನೇ ಬಂದು ಕರೀಬಹುದಿತ್ತಲ್ಲ. ಕಾಲಿಗೇನಾಗಿದೆ?"

"ಕಾಲು ಚೆನ್ನಾಗಿದೆ ಅಕ್ಕ. ಜಂಬ ಅಡ್ಡ ಬಂತು."

ಅತ್ತಿಗೆ ನಕ್ಕಳು. ಕೈಯಲ್ಲಿದ್ದ ಸ್ಕ್ರೂ ಕೆಳಗಿಟ್ಟಳು. ಎರಡು ವರ್ಷದಿಂದ ಅವಳು ಈ ಕರೆಗೇ ಕಾದಿದ್ದಳು.

ಅವಳ ಗಂಡ ಹೆಸರಾದ ಮೆಕ್ಯಾನಿಕ್. ಕೊನೆಯ ಆರು ವರ್ಷ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನು ಬಾಗಿಲ ಬಳಿ ಕೂತು ಗಿರಾಕಿಗಳೊಂದಿಗೆ ಮಾತಾಡುತ್ತಿದ್ದರೆ, ಒಳಗೆ ಸೀಮೆಎಣ್ಣೆಯಲ್ಲಿ ಮೊಣಕೈವರೆಗೆ ಮುಳುಗಿ ಇಂಜಿನ್ ಕಟ್ಟುತ್ತಿದ್ದವಳು ಅವಳು. "ಮೊದಲು ಕೈ, ಆಮೇಲೆ ಪಾನಾ" ಎಂಬುದು ಅವನು ಕಲಿಸಿದ ಪಾಠ: ನಟ್ಟು ಬಿಚ್ಚುವ ಪಾನಾ ಎತ್ತುವ ಮೊದಲು, ಕೀ ತಿರುಗಿಸಿ ಒಂದೊಂದು ಭಾಗವನ್ನೂ ಮುಟ್ಟಿ ನೋಡು, ಬಿಸಿಯಾಗಬಾರದ್ದು ಬಿಸಿಯಾದ ಕಡೆ ರೋಗದ ಗುಟ್ಟಿದೆ. ಇದೆಲ್ಲ ಮೈದುನನ ಕಣ್ಣೆದುರಿಗೇ ನಡೆದದ್ದು. ಅಣ್ಣ ತೀರಿಕೊಂಡ ತಿಂಗಳಿಗೆ ಅವನು ಗ್ಯಾರೇಜಿನ ಬೀಗ ಬದಲಾಯಿಸಿದ. ಅದನ್ನಾದರೂ ಅವಳು ನುಂಗಿಕೊಂಡಾಳು. ಆದರೆ ಗಿರಾಕಿಗಳೆಲ್ಲ ಕೂಡಿದ್ದಾಗ ಅವನು ಆಡಿದ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು: "ಅತ್ತಿಗೆಗೆ ಏನ್ ಗೊತ್ತು? ಅಣ್ಣನಿಗೆ ಪಾನಾ ಎತ್ತಿ ಕೊಡ್ತಿದ್ರು, ಅಷ್ಟೇ." ಅಂದಿನಿಂದ ಒಬ್ಬನೂ ಅವಳ ಬಳಿ ಇಂಜಿನ್ ತರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಆ ಮಾತನ್ನು ಅವನು ಅದೇ ಅಂಗಳದಲ್ಲಿ, ಅದೇ ಜನರೆದುರು ವಾಪಸು ತೆಗೆದುಕೊಳ್ಳಬೇಕು.

ಚೀಲಕ್ಕೆ ಮೊಳದುದ್ದದ ದಪ್ಪ ವೈರು, ಎರಡು ಪಾನಾ, ಉಜ್ಜಲು ಒಂದು ತುಂಡು ಉಪ್ಪುಕಾಗದ ಹಾಕಿಕೊಂಡು ಹೊರಟಳು.

ಗ್ಯಾರೇಜಿನ ಅಂಗಳದಲ್ಲಿ ಮೂವರು ಡ್ರೈವರುಗಳು ಟೀ ಕುಡಿಯುತ್ತಿದ್ದರು. ಪಕ್ಕದ ಮಳಿಗೆಯ ಮುದುಕ ವೆಲ್ಡರ್ ಅವಳನ್ನು ಕಂಡವನೇ ತನ್ನ ಸ್ಟೂಲು ತಂದು, ತೋಳಿನಿಂದ ಧೂಳು ಒರೆಸಿ, ನೆರಳಲ್ಲಿಟ್ಟು ಹೋದ. ಪಿಕಪ್ ಬಾನೆಟ್ ತೆರೆದು ನಿಂತಿತ್ತು. ತಪಾಸಣೆಯವರ ಕಣ್ಣಿಗೆ ಹಬ್ಬವಾಗಲೆಂದು ಮೈದುನ ಇಂಜಿನ್ ಇಳಿಸಿ, ತೊಳೆದು, ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಗೆಲ್ಲ ಬೆಳ್ಳಿಬಣ್ಣ ಬಳಿದಿದ್ದ. ಒಂದು ನಟ್ಟನ್ನೂ ಬಿಟ್ಟಿರಲಿಲ್ಲ.

"ಕೀ ತಿರುಗಿಸು," ಎಂದಳು ಮೈದುನನಿಗೆ.

ಟಕ್.

"ಇನ್ನೊಂದ್ಸಲ. ಹಿಡ್ಕೊಂಡೇ ಇರು."

ಅವಳ ಬೆರಳುಗಳು ಬ್ಯಾಟರಿ ಮುಟ್ಟಿದವು, ಸ್ಟಾರ್ಟರ್ ಮುಟ್ಟಿದವು, ಕೊನೆಗೆ ಆಕ್ಸಿಲರೇಟರಿನ ಕೇಬಲ್ಲಿನ ಮೇಲೆ ನಿಂತವು. ಕೇಬಲ್ ಕಾಯ್ದು ಬಿಸಿಯಾಗಿತ್ತು. ಕರೆಂಟಿಗೆ ಇಂಜಿನ್ನಿನಿಂದ ಚಾಸಿಗೆ ಹಿಂತಿರುಗಲು ತನ್ನ ದಾರಿ ಸಿಕ್ಕದೆ, ಈ ಬಡ ಕೇಬಲ್ಲಿನಲ್ಲಿ ನುಸುಳಲು ನೋಡುತ್ತಿದೆ. ದಾರಿ ಮುಚ್ಚಿದ್ದು ಬಣ್ಣ. ಇಂಜಿನ್ನನ್ನು ಚಾಸಿಗೆ ಸೇರಿಸುವ ಅರ್ತ್ ಪಟ್ಟಿಯನ್ನು ಅಂದಗಾರ ಮೈದುನ ಬಣ್ಣದ ಮೇಲೇ ಕೂರಿಸಿ ಬಿಗಿದಿದ್ದಾನೆ. ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿದರೆ ಮುಗಿಯಿತು.

ಅವಳು ಸೆಟೆದು ನಿಂತಳು. "ಮಾಡ್ಕೊಡ್ತೀನಿ. ಆದ್ರೆ ಮೊದಲು ಇವರಿಗೆ ಹೇಳು, ನಿಮ್ಮಣ್ಣನ ಕಣ್ಣು ಹೋದ ಮೇಲೆ ಇಲ್ಲಿ ಕೆಲಸ ಮಾಡಿದ್ದು ಯಾರು ಅಂತ."

ಮೈದುನ ಡ್ರೈವರುಗಳತ್ತ ನೋಡಿ ಕಣ್ಣು ಮಿಟುಕಿಸಿದ. "ನೋಡ್ರಪ್ಪ, ಎರಡು ಪಾನಾ ಎತ್ತಿಕೊಟ್ಟಿದ್ದಕ್ಕೆ ಶಾಲು ಹೊದಿಸ್ಬೇಕಂತೆ."

ಇಬ್ಬರು ನಕ್ಕರು. ಮೂರನೆಯವನು ಲೋಟ ನೋಡುತ್ತ ಕೂತ.

"ಸರಿ. ಹತ್ತಿ ಕೂತ್ಕೋ," ಎಂದಳು ಅತ್ತಿಗೆ, ಬೆಣ್ಣೆಯಷ್ಟು ಮೆತ್ತಗೆ.

ಎತ್ತಿದ ಬಾನೆಟ್ಟಿನ ಮರೆಯಲ್ಲಿ ಅವಳು ದಪ್ಪ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಒತ್ತಿ ಹಿಡಿದಳು. ಕೀ ತಿರುಗಿತು. ಇಂಜಿನ್ ಕೆಮ್ಮಿ, ಹೊಗೆ ಉಗುಳಿ, ಗುಡುಗುಡು ಎಂದು ಎದ್ದಿತು. ಕರೆಂಟಿಗೆ ಆ ಹೊತ್ತಿಗಷ್ಟೇ ದಾರಿ ಮಾಡಿಕೊಟ್ಟ ವೈರು ಮತ್ತೆ ಚೀಲ ಸೇರಿತು; ಬಣ್ಣ ಇದ್ದಲ್ಲೇ ಇತ್ತು.

"ಆಫ್ ಮಾಡಬೇಡ. ಮಾಡಿದ್ರೆ ಏಳಲ್ಲ," ಎಂದಳು.

"ಒಂದ್ಸಲ ಎದ್ದ ಮೇಲೆ ಏಳದೆ ಏನು ಅತ್ತಿಗೆ? ನೀವು ಮನೆಗೆ ಹೋಗಿ."

ಅವನು ಗಾಡಿ ಓಡಿಸಿಕೊಂಡು ತಪಾಸಣೆಗೆ ಹೊರಟ. ಅವಳು ಮನೆಗೆ ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತಳು. ತಪಾಸಣೆಯವರು ಗಾಡಿ ಆಫ್ ಮಾಡಿಸಿ ಇಂಜಿನ್ ನಂಬರ್ ನೋಡುತ್ತಾರೆ, ಮತ್ತೆ ಸ್ಟಾರ್ಟ್ ಮಾಡು ಅನ್ನುತ್ತಾರೆ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದ್ದಳು. ಓರಗಿತ್ತಿ ತಂದಿಟ್ಟ ಊಟವನ್ನು ಎಷ್ಟೋ ದಿನಗಳ ನಂತರ ರುಚಿ ಹತ್ತಿ ಉಂಡಳು.

ಎರಡು ಗಂಟೆಗೆ ಪಿಕಪ್ ಬಂತು, ಬೇರೊಂದು ಲಾರಿಯ ಹಿಂದೆ ಹಗ್ಗಕ್ಕೆ ಜೋತುಕೊಂಡು. ಮೈದುನನ ಅಂಗಿ ಬೆನ್ನಿಗೆ ಅಂಟಿತ್ತು. ಡ್ರೈವರುಗಳು ಎದ್ದು ನಿಂತರು. ಈಗ ಯಾರೂ ನಗಲಿಲ್ಲ.

"ಅಷ್ಟೂ ಜನರೆದುರು ಟಕ್ ಅಂತು ಅತ್ತಿಗೆ. ನಾಲ್ಕರೊಳಗೆ ತಂದ್ರೆ ನೋಡ್ತಾರಂತೆ." ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

"ನಾನು ಕೇಳಿದ್ದು ಬಾಕಿ ಇದೆ."

ಅವನು ನೆಲ ನೋಡುತ್ತ ಏನೋ ಗೊಣಗಿದ.

"ವೆಲ್ಡಿಂಗ್ ಸದ್ದಿನಲ್ಲಿ ಕೇಳಿಸ್ಲಿಲ್ಲ."

ಪಕ್ಕದಲ್ಲಿ ಮುದುಕ ಮೆಷಿನ್ ಆರಿಸಿ, ಮುಖದ ಕವಚ ಎತ್ತಿ, ಬಾಗಿಲಿಗೆ ಬಂದು ನಿಂತ.

"ಅಣ್ಣನ ಕಣ್ಣು ಹೋದ ಮೇಲೆ," ಮೈದುನ ಡ್ರೈವರುಗಳತ್ತ ತಿರುಗಿದ, "ಆರು ವರ್ಷ ಇಲ್ಲಿ ಇಂಜಿನ್ ಬಿಚ್ಚಿ ಕಟ್ಟಿದ್ದು ಅತ್ತಿಗೆ. ನಿಮ್ಮ ಗಾಡಿಗಳನ್ನೂ ಅವರೇ ಮಾಡಿದ್ದು. ನಾನು ಹೇಳಿದ್ದು ಸುಳ್ಳು."

ಆ ಮಾತು ಕೇಳಿಸಿಕೊಂಡ ಮೇಲೆ ಅವನಿಗಾಗಿ ಸಂಕಟವಾದೀತೆಂದು ಅತ್ತಿಗೆ ಅಂದುಕೊಂಡಿದ್ದಳು. ಆಗಲಿಲ್ಲ. ತಣ್ಣಗೆ, ಚೆನ್ನಾಗಿತ್ತು.

"ನೀನು ಗೇಟಿನ ಹತ್ತಿರ ನಿಂತಿರು," ಎಂದಳು. "ನಾನು ಕರೆಯೋವರೆಗೂ ಈ ಕಡೆ ಬರ್ಬೇಡ."

ಓರಗಿತ್ತಿ ಟಾರ್ಚ್ ಹಿಡಿದು ಬಗ್ಗಿದಳು. ಅತ್ತಿಗೆ ಅರ್ತ್ ಪಟ್ಟಿ ಬಿಚ್ಚಿದಳು. ಬೆಳ್ಳಿಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಮತ್ತೆ ಬಿಗಿದಳು. ಐದು ನಿಮಿಷವೂ ಆಗಲಿಲ್ಲ. ಓರಗಿತ್ತಿ ಆ ಬರಿಗಬ್ಬಿಣವನ್ನು ನೋಡಿದಳು, ಅತ್ತಿಗೆಯ ಮುಖ ನೋಡಿದಳು, ನಗು ಬಾರದಂತೆ ತುಟಿ ಕಚ್ಚಿಕೊಂಡಳು.

ಇಂಜಿನ್ ಒಂದೇ ತಿರುವಿಗೆ ಎದ್ದಿತು. ಆರಿಸಿ, ಮತ್ತೆ ಎಬ್ಬಿಸಿ ತೋರಿಸಿದ್ದೂ ಆಯಿತು. ಲೋಟ ನೋಡುತ್ತ ಕೂತಿದ್ದ ಡ್ರೈವರ್ ಹತ್ತಿರ ಬಂದು, "ನಾಳೆ ನನ್ನ ಗಾಡಿ ಮನೆ ಹತ್ರಾನೇ ತರ್ಲಾ ಅಮ್ಮ? ಹೊಗೆ ಜಾಸ್ತಿ ಉಗುಳತ್ತೆ," ಎಂದ. ಅವಳು ತಲೆಯಾಡಿಸಿದಳು.

ಗೇಟಿನ ಬಳಿ ಮೈದುನ ಹೆಂಡತಿಯನ್ನು ಅಡ್ಡಗಟ್ಟಿದ. "ನೀನು ಪಕ್ಕದಲ್ಲೇ ಇದ್ಯಲ್ಲ. ಏನ್ ಮಾಡಿದ್ರು?"

ಓರಗಿತ್ತಿ ಟಾರ್ಚ್ ಆರಿಸಿ ಸೆರಗಿನಿಂದ ಒರೆಸಿದಳು.

"ನಂಗೇನ್ ಗೊತ್ತಾಗತ್ತೆ ರೀ," ಎಂದಳು. "ನಾನು ಬೆಳಕು ಹಿಡಿದಿದ್ದೆ, ಅಷ್ಟೇ."