ಹಂಪಣ್ಣನವರ ಹೆಬ್ಬೆರಳು

ಹಂಪಣ್ಣನವರ ಬಲಗೈ ಹೆಬ್ಬೆರಳು ಒಣಗಿದ್ದನ್ನು ಕಂಡವರು ಮಾನ್ವಿಯಲ್ಲಿ ಯಾರೂ ಇಲ್ಲ. ಪುಟ ತಿರುವಲು ಅದನ್ನು ನಾಲಿಗೆಗೆ ಮುಟ್ಟಿಸುವುದು ಅವರಿಗೆ ಉಸಿರಾಟದಷ್ಟೇ ಸಹಜ. ತಿರುವಿದ ಮೇಲೂ ಸುಮ್ಮನಿರದೆ, ಆ ಒದ್ದೆ ಬೆರಳನ್ನು ಅಕ್ಷರಗಳ ಮೇಲೊಮ್ಮೆ ಉಜ್ಜಿ, ಅವು ಇದ್ದಲ್ಲೇ ಇವೆಯೆಂದು ಖಾತ್ರಿಯಾದ ನಂತರವೇ ಓದಲು ತೊಡಗುತ್ತಾರೆ. ಲಗ್ನಪತ್ರಿಕೆಯಿರಲಿ, ಸರ್ಕಾರದ ಸುತ್ತೋಲೆಯಿರಲಿ, ಈ ಪರೀಕ್ಷೆ ತಪ್ಪಿದ್ದಲ್ಲ. ನನ್ನ ಮೊದಲ ಪುಸ್ತಕವನ್ನು ಭಕ್ತಿಯಿಂದ ಕೈಗಿತ್ತಾಗಲೂ ಮುಖಪುಟವನ್ನು ಉಜ್ಜಿ ನೋಡಿ, "ಬಣ್ಣ ಬಿಡಂಗಿಲ್ಲ, ಚಲೋ ಅದ" ಎಂದರು. ಆ ಪುಸ್ತಕಕ್ಕೆ ಬಂದ ವಿಮರ್ಶೆಗಳಲ್ಲಿ ಅದೇ ಉತ್ತಮವಾದದ್ದು.

ಅಕ್ಕಿ ಗಿರಣಿ ಕೆಲಸಗಾರರ ಸಂಘಕ್ಕೆ ಅವರು ಕಾರ್ಯದರ್ಶಿ. ಮೇ ತಿಂಗಳ ಬಿಸಿಲಿನಲ್ಲೂ ಗುಂಡಿ ಬಿಚ್ಚದ ಕಂದು ಕೋಟು; ಎಡಗಂಕುಳಲ್ಲಿ ಫೈಲು ಹೊತ್ತು ಹೊತ್ತು ಎಡಕ್ಕೇ ವಾಲಿಹೋದ ನಡಿಗೆ, ಫೈಲಿಲ್ಲದ ದಿನವೂ ಅದು ನೆಟ್ಟಗಾಗದು; ಮತ್ತು ಮಾತಿಗೊಂದು "ಲೇಸು". ಮಳೆ ಬಂದರೆ ಲೇಸು, ನಿಂತರೂ ಲೇಸು. ಬಸ್ಸು ತಪ್ಪಿದರೆ "ಲೇಸಾತು, ಚಾ ಕುಡಿಯೋಣ ಬರ್ರಿ". ಇಂಥವರು ಸಿಟ್ಟಾದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ.

ಬಾಗಲವಾಡದ ಬಸವಂತಮ್ಮ ಮೂವತ್ತು ವರ್ಷ ಗಿರಣಿಯಲ್ಲಿ ಮೊರ ಹಿಡಿದವಳು. ಪಿಂಚಣಿಗೆ ಬೇಕಾದ ಕೆಲಸದ ಪ್ರಮಾಣಪತ್ರವನ್ನು ಸಂಘದಿಂದ ಒಯ್ದು, ಮನೆತನದ ಪದ್ಧತಿಯಂತೆ ದೇವರ ಜಗಲಿಯ ಮೇಲಿಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಅದಕ್ಕೆ ಎಳೆದಿದ್ದಳು. ಪಕ್ಕದ ಅಂಗಡಿಯ ಇಂಕ್‌ಜೆಟ್ಟಿನಲ್ಲಿ ಹೊಡೆಸಿದ ಪತ್ರ ಅದು. ವಿಭೂತಿಯ ನೀರಿನೊಂದಿಗೆ ಅವಳ ಹೆಸರೂ ಕರಗಿ ನೀಲಿ ಮೋಡವಾಯಿತು. ಹೆಸರಿಲ್ಲದ ಪತ್ರ ನಡೆಯುವುದಿಲ್ಲವೆಂದು ಪಿಂಚಣಿ ಕಚೇರಿಯವರು ತಿರುಗಿ ಕಳಿಸಿದರು. ಬರುವ ಸೋಮವಾರವೇ ಕಡೆಯ ದಿನ.

"ಯಪ್ಪಾ, ದೇವ್ರು ನನ್ನ ಹೆಸರ ತೊಳದುಬಿಟ್ಟಾನ ನೋಡ್ರಿ" ಎಂದು ಅವಳು ಪತ್ರವನ್ನು ಹಂಪಣ್ಣನವರ ಮೇಜಿನ ಮೇಲಿಟ್ಟು ನಕ್ಕಳು.

ಅವಳು ಹೋದ ಮೇಲೆ ನಾನು ಜಾಣತನ ತೋರಿಸಿದೆ: ಇನ್ನೊಂದು ಹೊಡೆಸಿ ಕೊಡಿ, ಈ ಸಲ ಪೂಜೆ ಬೇಡವೆಂದು ಹೇಳಿಬಿಡಿ. ಹಂಪಣ್ಣ ಸಿಡಿದರು. "ಬ್ಯಾಡ ಅನ್ನಾಕ ನಾ ಯಾರ್ರೀ? ಆಕಿ ಪೂಜಿ ತಾಳೂವಂಥ ಕಾಗದ ಕೊಡೂದು ನಮ್ಮ ಕೆಲಸ."

ಸಂಘಕ್ಕೆ ಹೇಗೂ ಸ್ವಂತದ್ದೊಂದು ಪ್ರಿಂಟರು ಬೇಕಿತ್ತು. ಅಧ್ಯಕ್ಷ ಶಿವರಾಜನ ಮನಸ್ಸು ಬಣ್ಣದ ಇಂಕ್‌ಜೆಟ್ಟಿನ ಮೇಲೆ; ಲೆಟರ್‌ಹೆಡ್ಡಿನ ಮೂಲೆಯಲ್ಲಿ ತನ್ನ ಭಾವಚಿತ್ರ ಗುಲಾಬಿ ಪೇಟದ ಸಮೇತ ಅರಳಬೇಕೆಂಬುದು ಅವನ ಬಹುದಿನದ ಆಸೆ. ಶನಿವಾರ ನಾವು ಮೂವರೂ ಬಸ್ಸು ಹಿಡಿದು ರಾಯಚೂರಿನ ಖಾಜಾಮಿಯಾರ ಅಂಗಡಿಗೆ ಹೋದೆವು. ಅವರು ಬಣ್ಣದ್ದೊಂದು, ಬರಿ ಕಪ್ಪಿನದೊಂದು, ಎರಡು ಯಂತ್ರಗಳಲ್ಲೂ ಅದೇ ಲೆಟರ್‌ಹೆಡ್ಡು ಹೊಡೆದು ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಶಿವರಾಜ ಸಾಕ್ಷಾತ್ ಮದುಮಗ. ಇನ್ನೊಂದರಲ್ಲಿ ಕಪ್ಪು ಬಿಳುಪಿನ ಗಂಭೀರ ಗೃಹಸ್ಥ. ಹಂಪಣ್ಣನವರ ಹೆಬ್ಬೆರಳು ನಾಲಿಗೆಗೆ ಹೋಯಿತು. ಒಂದೇ ಉಜ್ಜಿಗೆ ಮದುಮಗನ ಮೀಸೆ ಕಿವಿಯತನಕ ನಡೆದುಹೋಯಿತು. ಗೃಹಸ್ಥನನ್ನು ಎರಡು ಸಲ ಉಜ್ಜಿದರೂ ಅವನು ಮಿಸುಕಲಿಲ್ಲ.

"ಅದು ಶಾಯಿ, ಹನಿ ಹನಿ ಬಿದ್ದು ಕಾಗದಕ್ಕ ಇಂಗತದ" ಎಂದರು ಖಾಜಾಮಿಯಾ. "ಫೋಟೋಕ್ಕ ಅದರ ಸಾಟಿ ಇಲ್ಲ. ಖರೆ, ಸುಗ್ಗಿ ಮುಗದು ನೀವು ತಿಂಗಳುಗಟ್ಲೆ ಸುಮ್ನ ಬಿಟ್ರ ಒಣಗಿ ಕುಂಡ್ರತದ. ಇದು ಪುಡಿ. ಕಾಸಿ ಅಂಟಸ್ತದ."

"ಪುಡಿ ಅಂದ್ರ, ವಿಭೂತಿ ಇದ್ದಂಗೇನು?"

"ಹಂಗೇ ಅನ್ರಿ. ಕರೀದು."

"ಇದರ ಹೆಸರೇನು?"

"ಲೇಸರ್."

"ಲೇಸ್ರೀ?" ಹಂಪಣ್ಣನವರ ಮುಖ ಊರಗಲವಾಯಿತು. "ಮೊದಲ ಹೇಳಬಾರದ? ಕಟ್ರಿ!"

ಶಿವರಾಜ ಕಿವಿಗೆ ಹತ್ತಿದ ತನ್ನ ಮೀಸೆಯನ್ನೇ ನೋಡುತ್ತ ಕಣ್ಣಲ್ಲಿ ನೀರು ಬರುವತನಕ ನಕ್ಕ. "ಕಟ್ರಿ ಕಟ್ರಿ, ಮೀಸಿ ಇದ್ದಲ್ಲೇ ಇರಲಿ."

ಸೋಮವಾರ ಬೆಳಿಗ್ಗೆ ಬಸವಂತಮ್ಮ ಬಂದಳು. ಮನೆಗೆ ಹೋಗಿ ಬರಲು ಹೊತ್ತಿಲ್ಲವೆಂದು ವಿಭೂತಿಗಟ್ಟಿಯನ್ನು ಸೆರಗಿನಲ್ಲೇ ಕಟ್ಟಿ ತಂದಿದ್ದಳು. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಪತ್ರವನ್ನು ಮೇಜಿನ ಮೇಲಿಟ್ಟು, ಸಂಘದ ಹೂಜಿಯ ನೀರಲ್ಲಿ ಬೆರಳದ್ದಿ, ಮೂರೂ ಗೆರೆಗಳನ್ನು ನಿಧಾನವಾಗಿ ಎಳೆದಳು. ಅಕ್ಷರ ಬಾರದ ಅವಳು ತಲೆಯೆತ್ತಿ, "ಅದರೀ ನನ್ನ ಹೆಸರು?" ಎಂದಳು.

ನಾಲಿಗೆಯತ್ತ ಹೊರಟ ಹೆಬ್ಬೆರಳನ್ನು ಹಂಪಣ್ಣ ಅರ್ಧದಲ್ಲೇ ತಡೆದರು. ಹೆಸರಿದ್ದ ಜಾಗವನ್ನು ತೋರಿಸಿ, "ನೀನ ಉಜ್ಜಿ ನೋಡವ್ವ" ಎಂದರು.

ಹುಟ್ಟಿದಾಗಿನಿಂದ ಕಾಗದದ ಮೇಲೆ ಬರಿಯ ಗುರುತೊತ್ತಿದ್ದ ಆ ಹೆಬ್ಬೆಟ್ಟು ಮೊದಲ ಸಲ ಕಾಗದವನ್ನು ಪರೀಕ್ಷಿಸಿತು. ಒಮ್ಮೆ ಉಜ್ಜಿದಳು, ಮತ್ತೊಮ್ಮೆ ಉಜ್ಜಿದಳು, ಬೆರಳನ್ನು ಬೆಳಕಿಗೆ ಹಿಡಿದಳು. ಮಸಿಯಿಲ್ಲ. "ಅದ! ಇಲ್ಲೇ ಅದ!" ಎಂದು ಕೂಗಿದ ದನಿಗೆ ಪಕ್ಕದ ಅಂಗಡಿಯವನೂ ಇಣುಕಿದ. ಮಧ್ಯಾಹ್ನದೊಳಗೆ ಕಚೇರಿಯವರು ಪತ್ರವನ್ನು ಸ್ವೀಕರಿಸಿದರು, ವಿಭೂತಿಯ ಸಮೇತ.

ಅಕ್ಷರ ಬಲ್ಲವರಿಗೆ ನಮ್ಮಲ್ಲೇನೂ ಬರವಿಲ್ಲ. ಬರೆದದ್ದು ಇನ್ನೊಬ್ಬರ ಒದ್ದೆ ಕೈಗೆ ಸಿಕ್ಕಾಗ ಏನಾದೀತೆಂದು ಚಿಂತಿಸುವವರು ಮಾತ್ರ ವಿರಳ. ಅವರು ಪುಸ್ತಕ ಬರೆಯುವುದಿಲ್ಲ, ಭಾಷಣ ಬಿಗಿಯುವುದಿಲ್ಲ. ಕೈ ಒರೆಸಿಕೊಂಡು ಬಾ ಎಂದು ಯಾರಿಗೂ ಹೇಳದೆ, ಒದ್ದೆ ಕೈಯಲ್ಲೂ ಉಳಿಯುವಂಥದ್ದನ್ನು ಹುಡುಕಿ ತಂದು ಕೊಡುತ್ತಾರೆ.