ಸತ್ತ ತಂಗಿ ಬ್ಲಾಕ್ ಮಾಡಿದಳು

ಮದುವೆಮನೆಗೂ ಸೀರೆಯ ಮೇಲೆ ಕಾರ್ಖಾನೆಯ ಖಾಕಿ ಕೋಟು ತೊಟ್ಟೇ ಬರುವ ಜ್ಯೋತಿಲಕ್ಷ್ಮಿಯವರ ಮುಖ ನೋಡಿ ಗುರುತು ಹಿಡಿಯುವ ಕಷ್ಟ ಊರಿಗಾಂನಲ್ಲಿ ಯಾರಿಗೂ ಇರಲಿಲ್ಲ. ಎದುರಿನವರ ಮಾತು ಮುಗಿಯುವ ಮುನ್ನವೇ "ಆಯ್ತು, ಆಮ್ಯಾಕೆ?" ಎಂದು ಅವರು ಎಸೆಯುವ ಪ್ರಶ್ನೆಗೆ ಘಟಾನುಘಟಿ ಮೇಸ್ತ್ರಿಗಳೂ ತೊದಲಿದ್ದುಂಟು. ಆದರೆ ಅವರ ಕ್ರೋಧದ ಪೂರ್ಣಾವತಾರ ಕಂಡದ್ದು ತಂಗಿ ಸೌಂದರ್ಯಾ ತೀರಿಕೊಂಡ ಮೇಲೆ.

ಸೌಂದರ್ಯಾ ಬಂಗಾರಪೇಟೆಯ ಮನೆಯಲ್ಲೇ ಕೂತು ರವಿಕೆಗಳಿಗೆ ಕಸೂತಿ ಹಾಕಿ, ಚಿತ್ರಗಳನ್ನು ಇನ್‌ಸ್ಟಾಗ್ರಾಂಗೆ ಏರಿಸುತ್ತಿದ್ದಳು. ಅವನ್ನು ನೋಡಿಯೇ ಮಾಲೂರು, ಕುಪ್ಪಂಗಳಿಂದ ಹೆಂಗಸರು ರೈಲಿಳಿದು ಗಂಡ ವೇಣುಗೋಪಾಲನ ಹೊಲಿಗೆ ಅಂಗಡಿಗೆ ಬರುತ್ತಿದ್ದರು. ತಿಥಿಯ ವಡೆಯ ಎಣ್ಣೆ ಕೈಯಿಂದ ಹೋಗುವ ಮುಂಚೆಯೇ ಅವಳ ಖಾತೆ ಮಾತಾಡಿತು: 'ನಮಸ್ಕಾರ ಅಕ್ಕಂದಿರೇ, ಹಬ್ಬಕ್ಕೆ ಹೊಸ ಡಿಸೈನು, ನಾನೇ ಕೂತು ಹಾಕಿದ್ದು.' ಬದುಕಿದ್ದಾಗ ಅವಳ ಸೊಂಟನೋವಿಗೆ ಕಿವಿಗೊಡದ ವೇಣು ಈಗ ಅವಳ ಬಾಯಿಯಿಂದಲೇ ಮಾತಾಡುತ್ತಿದ್ದ. ಜ್ಯೋತಿಲಕ್ಷ್ಮಿ ಕೇಳಿದ್ದಕ್ಕೆ, ಗಿರಾಕಿಗಳಿಗೆ ನಂಬಿಕೆ ಇರೋದೇ ಅವಳ ಹೆಸರಿನ ಮೇಲೆ, ಅವಳು ಹೋದಳು ಅಂದರೆ ಅಂಗಡಿಯೂ ಹೋಗುತ್ತೆ ಅಂದ.

ಜ್ಯೋತಿಲಕ್ಷ್ಮಿ ಪ್ರತಿ ಚಿತ್ರದ ಕೆಳಗೂ 'ನನ್ನ ತಂಗಿ ತೀರಿಕೊಂಡಿದ್ದಾಳೆ' ಎಂದು ಬರೆಯತೊಡಗಿದರು. ಮರುದಿನ ಖಾತೆಯೇ ಕಾಣಲಿಲ್ಲ. ಪಕ್ಕದ ಮನೆಯ ಅಕ್ಷರಾ ಫೋನು ನೋಡಿ, ನಿಮ್ಮನ್ನು ಬ್ಲಾಕ್ ಮಾಡಿದಾರೆ ಆಂಟಿ ಅಂದಳು.

"ಯಾರು?"

"ಸೌಂದರ್ಯಕ್ಕ."

ಊರು ಇದನ್ನು ಕ್ಯಾತೆಯೆಂದು ನಕ್ಕಿತು. ಜ್ಯೋತಿಲಕ್ಷ್ಮಿಯವರಿಗೆ ಅದು ಖಾತೆಯ ಪ್ರಶ್ನೆ.

ನಮ್ಮ ಕಡೆ ಫ್ಲೆಕ್ಸ್ ಕಟ್ಟದ ಹೊರತು ಸಾವು ಪೂರ್ತಿಯಾಗುವುದಿಲ್ಲ. ವೇಣು ಬೇಕೆಂದೇ ಕಟ್ಟಿಸಿರಲಿಲ್ಲ. ಅಕ್ಕ ಕಟ್ಟಿಸಿದರು, ಅಂಗಡಿಯೆದುರಿನ ಕಂಬಕ್ಕೇ: ನಗುವ ಸೌಂದರ್ಯಾ, ಸುತ್ತ ಹಾರ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ'. ಸಂಜೆಯೊಳಗೆ ಖಾತೆ ಉತ್ತರಿಸಿತು: 'ಸುಳ್ಳು ಸುದ್ದಿ ನಂಬಬೇಡಿ ಅಕ್ಕಂದಿರೇ. ದೇವರ ದಯೆಯಿಂದ ನಾನು ಚೆನ್ನಾಗಿದ್ದೀನಿ.'

ಅಕ್ಷರಾ ಓದಿ ಹೇಳಿದಾಗ ಜ್ಯೋತಿಲಕ್ಷ್ಮಿ ಬೈಯಲಿಲ್ಲ. ಬೆಳಿಗ್ಗೆ ಬಂಗಾರಪೇಟೆಗೆ ಹೋಗಿ, ಅಂಗಡಿ ತುಂಬಿದ್ದ ಹೆಂಗಸರ ನಡುವೆ ಕುರ್ಚಿ ಎಳೆದು ಕೂತರು.

"ಚೆನ್ನಾಗವ್ಳಂತಲ್ಲಪ್ಪಾ ವೇಣು. ಕರಿ. ಮಖ ನೋಡ್ಕೊಂಡು ಓಗ್ತೀನಿ."

ವೇಣು ಒಳಬಾಗಿಲು ನೋಡಿದ, ಬೀದಿ ನೋಡಿದ. ಹೆಂಗಸರು ಅವನನ್ನೇ ನೋಡಿದರು. ಒಬ್ಬಾಕೆ ತನ್ನ ಬಟ್ಟೆ ವಾಪಸ್ಸು ಕೇಳಿದಳು, ಆಮೇಲೆ ಎಲ್ಲರೂ. ಅಂದೇ ಖಾತೆ ಮುಚ್ಚಿತು.

ಇಂಥವರನ್ನು ನಾವು ಜಗಳಗಂಟಿಯರೆಂದು ಕರೆದು ಪಂಕ್ತಿಯಲ್ಲಿ ದೂರ ಕೂರುತ್ತೇವೆ. ಬದುಕಿರುವವರ ಹಕ್ಕಿಗೆ ಸಂಘಗಳಿವೆ, ಬಾವುಟಗಳಿವೆ. ಸತ್ತವರಿಗೆ ನೆಮ್ಮದಿಯಾಗಿ ಸತ್ತಿರುವ ಹಕ್ಕನ್ನು ಕೊಡಿಸಲು ಈ ಜಗಳಗಂಟಿಯರಲ್ಲದೆ ಇನ್ಯಾರೂ ಇಲ್ಲ.