ಹವಾಲ್ದಾರರ ಮನೆಯ ಸೀಟಿ

ನಾನೊಂದು ಸೀಟಿ. ಕುಕ್ಕರಿನ ತಲೆಯ ಮೇಲೆ ಕೂತು ಬೇಳೆ ಬೆಂದಿತೆಂದು ಅರಚುವ ಸೀಟಿಯಲ್ಲ. ಮಕ್ಕಳ ಬಾಯಲ್ಲಿ ಜೊಲ್ಲು ಕುಡಿಯುವ ಪ್ಲಾಸ್ಟಿಕ್ ಪೀಪಿಯೂ ಅಲ್ಲ. ಅಪ್ಪಟ ಹಿತ್ತಾಳೆ ನಾನು. ಮೀರತ್ತಿನ ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ತಗಡು ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ ನನ್ನನ್ನು ಮಾಡಿದರು. ಹೊಟ್ಟೆಯೊಳಗೆ ಕಾರ್ಕಿನ ಗೋಲಿಯೊಂದನ್ನು ತುರುಕಿದರು. ಆ ಗೋಲಿ ಕುಣಿದರೇ ನನಗೆ ದನಿ. ಮಾಡಿದವನು ಹೇಗಿದೆ ನೋಡೋಣವೆಂದು ಒಮ್ಮೆ ಊದಿದ. ಗಲ್ಲಿಯಲ್ಲಿ ಮಲಗಿದ್ದ ನಾಯಿಗಳೆಲ್ಲ ದಡಬಡಿಸಿ ಎದ್ದವು. ಹುಟ್ಟಿದ ದಿನವೇ ಇಷ್ಟು ಮರ್ಯಾದೆ ಯಾರಿಗೆ ಸಿಕ್ಕೀತು ಹೇಳಿ!

ಅಲ್ಲಿಂದ ಪೆಟ್ಟಿಗೆಯಲ್ಲಿ ಕೂತು ಸೈನ್ಯದ ತರಬೇತಿ ಮೈದಾನವೊಂದಕ್ಕೆ ಬಂದೆ. ಮೊದಲು ನನ್ನನ್ನು ಕೊರಳಿಗೆ ಹಾಕಿಕೊಂಡವರು ಕಸರತ್ತು ಕಲಿಸುವ ಒಬ್ಬ ಉಸ್ತಾದರು. ಅವರ ಬಾಯಿ ಸದಾ ತಂಬಾಕು ನಾರುತ್ತಿತ್ತು, ಅದೊಂದು ಹಿಂಸೆ. ಆದರೆ ದಮ್ಮು ಭರ್ಜರಿ. ಅವರು ಊದಿದರೆ ಮೈದಾನದ ಆ ತುದಿಯಲ್ಲಿದ್ದ ಹೊಸ ಹುಡುಗರೂ ಕಾಲೆತ್ತಿದ್ದವರು ಎತ್ತಿದ ಹಾಗೆಯೇ ನಿಂತುಬಿಡುತ್ತಿದ್ದರು. ಉಸ್ತಾದರಿಗೆ ಬೇರೆ ಕಡೆ ವರ್ಗವಾದಾಗ ನನ್ನನ್ನು ಬಿಚ್ಚಿ ತಮ್ಮ ಕೈಕೆಳಗಿದ್ದ ಅಡಿವೆಪ್ಪನವರ ಕೊರಳಿಗೆ ಹಾಕಿ ಹೋದರು.

ಅಡಿವೆಪ್ಪನವರು ಬೈಲಹೊಂಗಲದ ಕಡೆಯವರು. ಸಿಪಾಯಿಯಾಗಿ ಸೇರಿ ಹವಾಲ್ದಾರರಾದವರು. ಮೀಸೆ ಚಿಗುರುವ ವಯಸ್ಸಿನ ಅಧಿಕಾರಿ ಎದುರಿಗೆ ಬಂದರೂ ಇವರ ಕೈ ತಾನಾಗಿ ಹಣೆಗೆ ಹೋಗುತ್ತಿತ್ತು. ಅದರಲ್ಲಿ ಅವರಿಗೆ ಬೇಸರವೇನೂ ಇರಲಿಲ್ಲ. ಆದರೆ ಒಂದು ಆಸೆ ಇತ್ತು: ನಾನು ಜೀವಮಾನವೆಲ್ಲ ಸಲಾಮು ಹೊಡೆದೆ, ನನ್ನ ಮಗ ಸಲಾಮು ತಗೊಳ್ಳಬೇಕು. ಎದೆಯ ಮೇಲೆ ನೇತಾಡುವ ನನಗೆ ಈ ಆಸೆ ಅವರ ಹೆಂಡತಿಗಿಂತ ಮೊದಲೇ ಗೊತ್ತಾಗಿತ್ತು.

ಅವರು ನಿವೃತ್ತರಾಗಿ ಊರಿಗೆ ಮರಳುವಾಗ ನನ್ನನ್ನೂ ತಂದರು. ಊರಾಚೆ ಹೊಸದಾಗಿ ಕಟ್ಟಿಸಿದ ಮನೆ. ಹೆಂಡತಿ ನೀಲವ್ವ, ಒಬ್ಬನೇ ಮಗ ಬಾಳೇಶ. ಹುಡುಗ ಒಳ್ಳೆ ನಗೆಮೊಗದವನು, ಸ್ವಲ್ಪ ತಂಟೆಕೋರ. ನನ್ನನ್ನು ಕಂಡವನೇ ಕಸಿದುಕೊಂಡು ಬಚ್ಚಲ ಸಂದಿಯಲ್ಲಿ ನಿಂತು ಊದಿ, ಎಮ್ಮೆ ಹಿಂಡುತ್ತಿದ್ದ ಅವ್ವನನ್ನು ಬೆಚ್ಚಿ ಬೀಳಿಸಿದ. ಹಾಲು ಚೆಲ್ಲಿತು. ಅವ್ವ ಬೈದಳು, ಆಮೇಲೆ ತಾನೇ ನಕ್ಕಳು. ಅವನು ತನ್ನಷ್ಟಕ್ಕೆ ನನ್ನನ್ನು ಊದಿದ್ದು ಅದೊಂದೇ ಸಲ. ಹವಾಲ್ದಾರರು ಕಿವಿ ಹಿಂಡಿ, ಇದು ಆಟದ ಸಾಮಾನಲ್ಲ ಎಂದು ತಿಳಿಹೇಳಿದರು. ನನಗೂ ಅದು ಸರಿಯೆನಿಸಿತ್ತು. ಸೈನ್ಯದಿಂದ ಬಂದ ಸೀಟಿಗೆ ಒಂದು ಗತ್ತು ಬೇಡವೇ?

ಬಾಳೇಶನಿಂದ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆ ಬರೆಸಿದರು. ಹುಡುಗನಿಗೆ ಸೀಟು ಸಿಗಲಿಲ್ಲ. ಹವಾಲ್ದಾರರು ಊರ ಶಾಲೆಗೆ ಹೋಗಿ ಮಗನ ಹೆಸರು ತೆಗೆಸಿಯೇ ಬಂದರು. ಅಂಗಳದಲ್ಲಿ ನಿಂತು ಹೆಂಡತಿಗೆ ಹೇಳಿದರು: "ಆ ಸಾಲ್ಯಾಗ ತಗೊಳ್ಳಿಲ್ಲಂದ್ರ ಏನಾತು? ಇವತ್ತಿಂದ ಈ ಮನೀನ ಸೈನಿಕ ಸಾಲಿ."

ನೀಲವ್ವ ಬೇಡವೆಂದಳು. ಓರಗೆಯ ಹುಡುಗರು ಬೇಕಲ್ಲ, ಒಬ್ಬನೇ ಏನು ಮಾಡಿಯಾನು ಎಂದು ಕೇಳಿದಳು. ಆ ಹುಡುಗರ ಸಂಗಡ ಸೇರಿದ್ದಕ್ಕೇ ಹೀಗಾಯಿತು ಎಂದು ಇವರು ಬಾಯಿ ಮುಚ್ಚಿಸಿದರು.

ಅಲ್ಲಿಂದ ನನ್ನ ದರ್ಬಾರು ಸುರುವಾಯಿತು. ನಾನು ಕೂಗಿದರೆ ಬಾಳೇಶ ಏಳಬೇಕು. ಕೂಗಿದರೆ ಓಡಬೇಕು, ಕೂಗಿದರೆ ನಿಲ್ಲಬೇಕು. ಗಣಿತದ ಪುಸ್ತಕ ಮುಚ್ಚಿ ಇಂಗ್ಲಿಷಿನದು ತೆರೆಯುವುದೂ ನನ್ನ ಕೂಗಿಗೇ. ಲೆಕ್ಕ ಅರ್ಧ ಬಿಡಿಸಿದ್ದರೂ ಪೆನ್ನು ಕೆಳಗಿಡಬೇಕು. ರೊಟ್ಟಿಗೊಂದು ಕೂಗು, ನಿದ್ದೆಗೊಂದು ಕೂಗು. ಸುಳ್ಳೇಕೆ ಹೇಳಲಿ, ನಾನು ಉಬ್ಬಿ ಹೋಗಿದ್ದೆ. ಮೈದಾನದಲ್ಲಿ ನೂರಾರು ಜನರನ್ನು ಕುಣಿಸಿದ್ದೆ ನಿಜ, ಆದರೆ ಒಬ್ಬನ ಪೂರಾ ದಿನ ನನ್ನ ಹೊಟ್ಟೆಯ ಗೋಲಿಯ ಮೇಲೆ ನಡೆದದ್ದು ಇದೇ ಮೊದಲು.

ಹುಡುಗ ಎಂಥ ಹದಕ್ಕೆ ಬಂದನೆಂದರೆ ನೋಡಲು ಚೆಂದ. ಮುಕ್ತ ಶಾಲೆಯ ಮೂಲಕ ಹತ್ತನೆಯದು ಪಾಸಾದ, ಹನ್ನೆರಡನೆಯದಕ್ಕೆ ಕೂತ. ಕಾಲು ಕಬ್ಬಿಣದಂತಾದವು, ಬೆನ್ನು ನೆಟ್ಟಗಾಯಿತು. ಮಾತು ಮಾತ್ರ ಕಡಿಮೆಯಾಗುತ್ತ ಹೋಯಿತು. ನೀಲವ್ವ ಇವತ್ತು ಯಾವ ಪಲ್ಯ ಮಾಡಲಿ ಎಂದು ಕೇಳಿದರೆ ಏನಾದರೂ ನಡೆಯುತ್ತದೆ ಎನ್ನುತ್ತಿದ್ದ. ತಟ್ಟೆ ಖಾಲಿಯಾದರೂ ಇನ್ನೊಂದು ರೊಟ್ಟಿ ಕೇಳುತ್ತಿರಲಿಲ್ಲ. ಹಾಕಿದರೆ ತಿನ್ನುತ್ತಿದ್ದ, ಹಾಕದಿದ್ದರೆ ಹಾಗೇ ಕೂತಿರುತ್ತಿದ್ದ. ಹವಾಲ್ದಾರರು ಇದನ್ನು ಶಿಸ್ತು ಎಂದರು. ನೀಲವ್ವ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಅವರ ಗುರಿ ಎನ್‌ಡಿಎ. ಆ ಅಕಾಡೆಮಿಯ ಗೇಟು ದಾಟಿ ಒಳಗೆ ಹೋದ ಹುಡುಗ ಮುಂದೆ ಸೈನ್ಯದ ಅಧಿಕಾರಿಯಾಗುತ್ತಾನೆ. ಒಳಗೆ ಹೋಗಲು ಮೊದಲು ಲಿಖಿತ ಪರೀಕ್ಷೆ, ಅದರಲ್ಲಿ ಗೆದ್ದರೆ ಆಯ್ಕೆ ಮಂಡಳಿಯ ಮುಂದೆ ಕೆಲವು ದಿನಗಳ ಪರೀಕ್ಷೆ. ಬಾಳೇಶ ಲಿಖಿತ ಪರೀಕ್ಷೆಯನ್ನು ಮೊದಲ ಏಟಿಗೇ ಗೆದ್ದ. ಹವಾಲ್ದಾರರು ಓಣಿಗೆಲ್ಲ ಪೇಡೆ ಹಂಚಿದರು. ಹೊರಡುವ ದಿನ ನನ್ನನ್ನು ಕೊರಳಿಂದ ತೆಗೆದು ಮಗನ ಪ್ಯಾಂಟಿನ ಜೇಬಿಗೆ ಹಾಕಿ, ಧೈರ್ಯಕ್ಕಿರಲಿ ಎಂದರು. ಹೀಗೆ ನಾನೂ ರೈಲು ಹತ್ತಿದೆ.

ಅಲ್ಲಿ ನಡೆದದ್ದನ್ನು ಜೇಬಿನೊಳಗಿಂದಲೇ ಇಣುಕಿ ಕಂಡೆ, ಕೇಳಿದೆ. ನೆಲದ ಮೇಲೆ ಎರಡು ಬಿಳಿ ಗೆರೆ. ಒಂದು ಹಲಗೆ, ಒಂದು ಗಳ, ಒಂದು ಹಗ್ಗ ಕೊಟ್ಟರು. ನಡುವಿನ ನೆಲ ಮುಟ್ಟದೆ ಹುಡುಗರ ಗುಂಪು ಆಚೆ ದಾಟಬೇಕು. ಅಧಿಕಾರಿ ನಿಯಮ ಹೇಳಿ ದೂರ ಸರಿದು ನಿಂತರು. ಅಷ್ಟೇ! ಯಾರು ಮುಂದಾಳು, ಯಾರು ಏನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಉಳಿದ ಹುಡುಗರು ಮುನ್ನುಗ್ಗಿ ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಹಲಗೆ ಹೀಗಿಡು, ಬೇಡ ಹಾಗಿಡು ಎಂದು ಒಂದೇ ಗದ್ದಲ. ನಮ್ಮ ಬಾಳೇಶ ಎದೆ ಸೆಟೆಸಿ ನಿಂತಿದ್ದ. ಯಾರೋ ಗಳ ಹಿಡಿ ಎಂದರು. ಹಿಡಿದ. ಹೇಗೆ ಹಿಡಿದ ಅಂತೀರಿ! ಅವನ ಗಟ್ಟಿಮುಟ್ಟಾದ ಕೈಯ ಆಸರೆಯಲ್ಲಿ ಒಬ್ಬೊಬ್ಬರೇ ಆಚೆ ಹೋದರು. ಸಮಯ ಮುಗಿದಾಗ ಎಲ್ಲರೂ ಆ ಕಡೆ, ಗಳ ಹಿಡಿದುಕೊಂಡು ಇವನೊಬ್ಬ ಈ ಕಡೆ.

ಮರುದಿನ ಒಬ್ಬೊಬ್ಬರನ್ನೇ ನಾಯಕರನ್ನಾಗಿ ಮಾಡಿ, ಬೇಕಾದ ಸಹಾಯಕರನ್ನು ಆರಿಸಿಕೊಳ್ಳಿ ಎಂದರು. ಬಹಳ ಮಂದಿ ಬಾಳೇಶನನ್ನೇ ಕರೆದರು. ನಾನು ಜೇಬಿನಲ್ಲೇ ಬೀಗಿದೆ. ಅವನ ಸರದಿ ಬಂತು. ಅಧಿಕಾರಿ ಕೆಲಸ ತೋರಿಸಿದರು. ಇವನು ಅಟೆನ್ಷನ್ನಿನಲ್ಲಿ ನಿಂತು ಅವರ ಮುಖವನ್ನೇ ನೋಡಿದ. ಅವರೂ ನೋಡಿದರು. ಅವನ ಕೈ ಜೇಬಿನ ಹೊರಗಿಂದ ನನ್ನನ್ನು ತಡಕಿತು. ಅಯ್ಯೋ, ಯಾರಾದರೂ ನನ್ನನ್ನು ಊದಬಾರದೇ ಎಂದು ನನ್ನ ಗೋಲಿ ಒದ್ದಾಡಿತು. ಕೊನೆಗೆ ಅಪ್ಪನಿಂದ ಕಲಿತ ಬ್ಯಾರಕ್ಕಿನ ಹಿಂದಿಯಲ್ಲಿ, ಸುರು ಮಾಡಲೇ ಸಾಬ್ ಎಂದು ಕೇಳಿದ. ಪಕ್ಕದ ಹುಡುಗರು ಮುಸಿಮುಸಿ ನಕ್ಕರು.

ಸಂದರ್ಶನ ಮಾಡಿದವರು ತಲೆ ನರೆತ, ಮೆದು ಮಾತಿನ ಅಧಿಕಾರಿ. ಮನೆಯಲ್ಲೇ ಓದಿದ ಹುಡುಗನೆಂದು ಕುತೂಹಲದಿಂದ ಮಾತಾಡಿಸಿದರು. ಹೋದ ವಾರ ಯಾರೂ ಹೇಳದೆ ನೀನಾಗಿಯೇ ಮಾಡಿದ ಒಂದು ಕೆಲಸ ಹೇಳು, ಎಷ್ಟು ಚಿಕ್ಕದಾದರೂ ಸರಿ ಎಂದರು. ಬಾಳೇಶ ಯೋಚಿಸಿದ. ಹೋದ ತಿಂಗಳಿನದು ಹೇಳು ಎಂದರು. ಆಗಲೂ ಯೋಚಿಸಿದ.

ಆಯ್ಕೆಯಾಗದೆ ಮನೆಗೆ ಬಂದ. ಆದದ್ದೆಲ್ಲವನ್ನೂ ಅಪ್ಪನ ಮುಂದೆ ನಿಂತು ಸರಿಯಾಗಿ ಒಪ್ಪಿಸಿದ. ಎಲ್ಲರೂ ಸಹಾಯಕ್ಕೆ ಇವನನ್ನೇ ಕರೆದರೆಂಬುದು ಹವಾಲ್ದಾರರಿಗೆ ಸಮಾಧಾನ ತಂದಿತು. ಇನ್ನೊಂದು ಸಲ ಹೋಗುವಷ್ಟು ವಯಸ್ಸು ಉಳಿದಿತ್ತು. ಸಂದರ್ಶನದ ಪ್ರಶ್ನೆ ಕೇಳಿ, ಇಷ್ಟೇನಾ, ಇದನ್ನೂ ತಯಾರು ಮಾಡಿದರಾಯಿತು ಎಂದರು.

ಮಾಡಿದ್ದೇನು ಗೊತ್ತೆ? ದಿನಚರಿಯಲ್ಲಿ ಸಂಜೆ ಒಂದು ಹೊಸ ಪಾಠ ಸೇರಿಸಿದರು. ಅದರ ಹೆಸರು ಸ್ವಂತ ಬುದ್ಧಿಯ ಪಾಠ. ನನ್ನನ್ನು ಊದಿದ ಕೂಡಲೇ ಬಾಳೇಶ ಅಂಗಳಕ್ಕೆ ಬಂದು ಸ್ವಂತ ಬುದ್ಧಿಯಿಂದ ಏನಾದರೊಂದು ಕೆಲಸ ಸುರು ಮಾಡಬೇಕು. ಮತ್ತೆ ಊದಿದಾಗ ನಿಲ್ಲಿಸಬೇಕು! ಮೊದಲ ದಿನ ಹುಡುಗ ಅಂಗಳದ ನಡುವೆ ಕೈ ಕಟ್ಟಿ ನಿಂತೇ ಇದ್ದ. ಹವಾಲ್ದಾರರು ಬಾಗಿಲಲ್ಲಿ ಚಡಪಡಿಸಿ, ಕೊನೆಗೆ ತಾಳಲಾರದೆ, ಹಿತ್ತಲಿನ ಬದು ಕುಸಿದಿದೆ, ಸ್ವಂತ ಮನಸ್ಸಿನಿಂದ ಹೋಗಿ ಹಾಕು ಎಂದು ಆಜ್ಞೆ ಮಾಡಿದರು. ಅವನು ಹೋಗಿ ಹಾಕಿದ. ಬಲು ಚೆಂದಾಗಿ ಹಾಕಿದ. ಅಂದಿನಿಂದ ಅದೇ ರೂಢಿಯಾಯಿತು. ದಿನಾ ಇವರು ಹೇಳುವುದು, ಅವನು ಸ್ವಂತ ಮನಸ್ಸಿನಿಂದ ಮಾಡುವುದು. ನೀಲವ್ವ ಒಮ್ಮೆ ಒಲೆಯ ಮುಂದಿನಿಂದ ಎದ್ದು ಬಂದು ಹೇಳಿದಳು:

"ರೀ, ಒಂದು ತಿಂಗಳಾದ್ರೂ ಆ ಸೀಟಿ ತಗದು ಒಳಗ ಇಡ್ರಿ. ಕೂಸು ಬ್ಯಾಸರಾದ್ರ ಮಲಗ್ಲಿ, ಬೇಕಂದ್ರ ಓಡಿ ಹೋಗ್ಲಿ. ಅಂವ ಏನ್ ಮಾಡ್ತಾನ ಅಂತ ನೋಡೂಣು."

ಪರೀಕ್ಷೆ ಎದುರಿಗಿರುವಾಗ ಇದೆಂಥ ಮಾತು ಎಂದು ಇವರು ರೇಗಿದರು. ನಾನು ಅವರ ಎದೆಯ ಮೇಲೇ ಇದ್ದೆನಲ್ಲ, ಅವರ ಗುಂಡಿಗೆ ಹೊಡೆದುಕೊಂಡದ್ದು ನನಗೆ ಕೇಳಿಸಿತು. ಅದು ಸಿಟ್ಟಲ್ಲ, ಭಯ.

ಎರಡನೆಯ ಸಲವೂ ಬಾಳೇಶ ಲಿಖಿತ ಪರೀಕ್ಷೆ ಗೆದ್ದ. ಮತ್ತೆ ರೈಲು, ಮತ್ತೆ ಜೇಬು. ಸಂದರ್ಶನದಲ್ಲಿ ಈ ಸಲ ಬೇರೆ ಅಧಿಕಾರಿ. ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂತು. ಬಾಳೇಶ ನೀರು ಕುಡಿದಷ್ಟು ಸಲೀಸಾಗಿ ಬದುವಿನ ಕತೆ ಹೇಳಿದ. ಭೇಷ್ ಮಗನೇ ಎಂದುಕೊಂಡೆ. ಅಧಿಕಾರಿ ಮೆಚ್ಚಿ ತಲೆದೂಗಿದರು. ಬದು ಹಾಕಬೇಕೆಂದು ನಿನಗೇಕೆ ಅನಿಸಿತು ಎಂದು ಸುಮ್ಮನೆ ಕೇಳಿದರು. ಸುಳ್ಳು ಹೇಳುವುದನ್ನು ಹವಾಲ್ದಾರರು ಕಲಿಸಿರಲಿಲ್ಲ. ಅಪ್ಪ ಹೇಳಿದ್ದರು ಸಾಬ್, ಎಂದುಬಿಟ್ಟ.

ಆ ಸಲವೂ ಆಯ್ಕೆಯಾಗಲಿಲ್ಲ, ವಯಸ್ಸೂ ಮೀರಿತು. ಅವನು ಬಂದು ಎಲ್ಲ ಒಪ್ಪಿಸಿದಾಗ ಹವಾಲ್ದಾರರು ನನ್ನನ್ನು ಈಸಿಕೊಂಡು ಗೋಡೆಯ ಮೊಳೆಗೆ ನೇತುಹಾಕಿದರು. ಮರುದಿನ ಬೆಳಗ್ಗೆ ನನ್ನನ್ನು ಊದಲಿಲ್ಲ. ಬಾಳೇಶನಿಗೆ ಎಚ್ಚರವಾಗಿತ್ತು. ಬೂಟು ಕಟ್ಟಿಕೊಂಡು ಮಂಚದ ಅಂಚಿಗೆ ಕೂತ. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂತು. ನೀಲವ್ವ ಚಹಾ ತಂದಿಟ್ಟಳು, ಅದು ಆರಿ ಕೆನೆಗಟ್ಟಿತು. ಅವನು ಕೂತೇ ಇದ್ದ. ಹವಾಲ್ದಾರರು ಬಂದು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಏಳೋ ಬಾಳ್ಯಾ. ಇನ್ನ ಎಲ್ಲಾ ಮುಗೀತು. ನಿನ್ನ ಮನಸ್ಸಿಗೆ ಬಂದಲ್ಲಿ ಹೋಗು."

"ಎಲ್ಲಿಗ್ರಿ ಅಪ್ಪಾ?"

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹವಾಲ್ದಾರರು ಮೊಳೆಯಿಂದ ನನ್ನನ್ನು ತೆಗೆದುಕೊಂಡರು. ಊದಿದರು; ಉಸಿರು ಅರ್ಧ ನನ್ನೊಳಗೆ, ಅರ್ಧ ಪಕ್ಕಕ್ಕೆ ಹೋಯಿತು. ಆದರೂ ಕೂಗಿದೆ. ಹುಡುಗನ ಮುಖ ಅರಳಿತು. ಎದ್ದು ಓಡಿದ.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಬಾಳೇಶ ಈಗ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ. ಬೆಳಗ್ಗೆ ಏಳುವುದು ಈಗಲೂ ನನ್ನ ಕೂಗಿಗೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಇಂಥ ಹುಡುಗ ಸಿಗುವುದಿಲ್ಲ ಎಂದು ಅಲ್ಲಿನವರು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದಾಗೆಲ್ಲ ನೀಲವ್ವ ಎದ್ದು ಹೋಗುತ್ತಾಳೆ. ಮದುವೆಗೆ ಹುಡುಗಿ ತೋರಿಸಿದರು. ಅವನು ನೀವು ಹೇಳಿದಂತೆ ಎಂದ. ಆ ಹುಡುಗಿಯೇ ಒಲ್ಲೆ ಎಂದಳು. ಜಾಣೆ.

ನನ್ನ ಹೊಳಪು ಹೋಗಿ ಬಾಯಿಯ ಸುತ್ತ ಹಸಿರು ಕಿಲುಬು ಹತ್ತಿದೆ. ಗೋಲಿ ಒಣಗಿ ಒಂದು ಕಡೆ ಬಿರಿದಿದೆ. ನನ್ನ ದನಿಗೆ ಎದ್ದು ಓಡಿದವರನ್ನು ಜನ್ಮವೆಲ್ಲ ಕಂಡೆ. ಅದನ್ನೇ ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಈಗ ಆ ಹುಡುಗ ನನ್ನ ಕೂಗಿಗೆ ಎದ್ದಾಗೆಲ್ಲ ಕೂಗಬಾರದಿತ್ತು ಅನಿಸುತ್ತದೆ.

ಹವಾಲ್ದಾರರಿಗೆ ಉಬ್ಬಸ ಹಿಡಿದಿದೆ. ಇಂದು ಬೆಳಗ್ಗೆ ನನ್ನನ್ನು ಬಾಯಿಗಿಟ್ಟುಕೊಂಡರು, ಬರೀ ಗಾಳಿ ಸುಯ್ಯೆಂದಿತು. ಮತ್ತೊಮ್ಮೆ ಊದಿ ನೋಡಿ ಸೋತರು. ಮಗನನ್ನು ಹಾಸಿಗೆಯ ಹತ್ತಿರ ಕರೆದು ನನ್ನನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಕೆಮ್ಮಿನ ನಡುವೆ, ಇನ್ನು ಮುಂದೆ ನೀನೇ ಊದಿಕೊಳ್ಳಪ್ಪಾ, ನನ್ನ ಕೈಲಾಗದು ಎಂದರು. ಬಾಳೇಶ ಹೂಂ ಎಂದ. ನನ್ನನ್ನು ತುಟಿಗಿಟ್ಟುಕೊಂಡ. ಎಂಥ ಎದೆ ಅವನದು, ಉಸಿರು ತುಂಬಿಕೊಂಡದ್ದು ನನಗೆ ಗೊತ್ತಾಯಿತು. ಅದನ್ನು ಹಾಗೆಯೇ ತಡೆದು ಹಿಡಿದು, ನನ್ನನ್ನು ಬಾಯಿಂದ ತೆಗೆದು, ಅಪ್ಪನ ಮುಖ ನೋಡಿದ.

"ಯಾವಾಗ ಊದ್ಲಿರಿ?"

ಹವಾಲ್ದಾರರು ಗೋಡೆಯ ಕಡೆ ಹೊರಳಿದರು. ಅವನು ನನ್ನನ್ನು ಹಿಡಿದುಕೊಂಡು ಹಾಸಿಗೆಯ ಪಕ್ಕದಲ್ಲಿ ನಿಂತಿದ್ದಾನೆ.